ಡ್ರಾಯಿಂಗಿನಲ್ಲಿರುವ ಎಸ್.ಪಿ., ಡಬ್ಲ್ಯು.ಪಿ., ವಿ.ಪಿ. ಅಂದರೇನು? ವಿ.ಪಿ. ಬಿಟ್ಟರೆ ನಡೆಯುತ್ತಾ?

ಕೇಳಿದವರು, ದಾವಣಗೆರೆ:
ನಮಸ್ಕಾರ. 30×40 ಸೈಟಿನಲ್ಲಿ ಕೆಳಗೊಂದು, ಮೇಲೊಂದು ಮನೆ ಕಟ್ಟಿಸ್ತಿದೀವಿ. ಮುಂದಿನ ವಾರ ಬಾತ್‌ರೂಮಿನ ಪೈಪ್ ಕೆಲಸ ಶುರು. ಎಂಜಿನಿಯರ್ ಕೊಟ್ಟ ಡ್ರಾಯಿಂಗಿನಲ್ಲಿ ಎಸ್.ಪಿ., ಡಬ್ಲ್ಯು.ಪಿ., ವಿ.ಪಿ., ಎನ್.ಟಿ., ಜಿ.ಟಿ., ಐ.ಸಿ. ಅಂತೆಲ್ಲ ಬರೆದಿದೆ. ಪ್ಲಂಬರ್ ನೋಡಿದರೆ "ವಿ.ಪಿ. ಎಲ್ಲ ದೊಡ್ಡ ಅಪಾರ್ಟ್‌ಮೆಂಟಿಗೆ ಸಾರ್, ನಿಮಗೆ ದಂಡ" ಅಂತಾರೆ. ಮನೆ ಕಟ್ಟಿಸಿದವರು ಹೇಳಿ, ಏನು ಮಾಡಲಿ?

ಮೈಸೂರಿನಿಂದ:
ಖಂಡಿತ ಬಿಡಬೇಡಿ ಸರ್. ನಾವು ಎರಡು ವರ್ಷ ವಾಸನೆಯಲ್ಲೇ ಬದುಕಿದ್ವಿ. ಮೇಲಿನ ಮನೆಯಲ್ಲಿ ಫ್ಲಶ್ ಮಾಡಿದ ಕೂಡಲೇ ನಮ್ಮ ಬಾತ್‌ರೂಮಿನ ನೆಲದ ಜಾಲರಿಯಿಂದ ಗುಳುಗುಳು ಸದ್ದು ಬರೋದು, ಹಿಂದೆಯೇ ನಾತ. ಫಿನಾಯಿಲ್, ಆಸಿಡ್ ಎಲ್ಲ ಸುರಿದಾಯ್ತು. ಒಂದಿನ ಜಾಲರಿ ಎತ್ತಿಟ್ಟು, ಟಾರ್ಚ್ ಬಿಟ್ಟುಕೊಂಡು ಕೂತು, ಮಗನಿಗೆ ಮೇಲೆ ಹೋಗಿ ಫ್ಲಶ್ ಮಾಡಲು ಹೇಳಿದೆ. ಟ್ರ್ಯಾಪಿನಲ್ಲಿ, ಅಂದರೆ ಜಾಲರಿ ಕೆಳಗೆ ನೀರು ನಿಲ್ಲುವ ಬಟ್ಟಲಿನಲ್ಲಿ, ನಿಂತಿದ್ದ ನೀರು ಒಮ್ಮೆ ತುಳುಕಿತು, ಆಮೇಲೆ ಎಳನೀರಿನ ತಳ ಹೀರಿದ ಹಾಗೆ ಗೊರಗೊರ ಅಂತ ಒಳಗೆ ಇಳಿದುಹೋಯ್ತು. ಉಳಿದದ್ದು ಬರೀ ಒದ್ದೆ ಬಟ್ಟಲು. ಮರುಕ್ಷಣ ಹೊರಗಿನ ಚರಂಡಿ ಚೇಂಬರಿನ ಗಾಳಿ ಮುಖಕ್ಕೆ ಹೊಡೀತು.

ಟೆರೇಸಿಗೆ ಹತ್ತಿ ನೋಡಿದರೆ, ಕೆಳಗಿಂದ ಬಂದ 110 ಎಂಎಂ ಪೈಪಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ ಅಂಟಿಸಿಬಿಟ್ಟಿದ್ದರು. ಎಲೆ ಬೀಳಬಾರದು ಅಂತಂತೆ! ಕ್ಯಾಪ್ ಕೊಯ್ದು, ಪೈಪನ್ನು ತಲೆಗಿಂತ ಎತ್ತರಕ್ಕೆ ಏರಿಸಿ, ಗಾಳಿ ಆಡುವಂಥ ಜಾಲರಿ ಟೋಪಿ (ಕೌಲ್) ಕೂರಿಸಿದ್ವಿ. ಸಂಜೆ ಮತ್ತೆ ಟಾರ್ಚ್ ಹಿಡಿದು ನೋಡಿದೆ: ನೀರು ಅಲ್ಲಾಡಿತು, ಅಲ್ಲೇ ನಿಂತಿತು.

ಸೈಟ್ ಎಂಜಿನಿಯರ್, ಹುಬ್ಬಳ್ಳಿ:
ಮೈಸೂರಿನವರು ಕಂಡಿದ್ದೇ ವೆಂಟ್ ಪೈಪಿನ, ಅಂದರೆ ನಿಮ್ಮ ವಿ.ಪಿ.ಯ ಕೆಲಸ. ಪೈಪಿನಲ್ಲಿ ನೀರು ಧುಮುಕುವಾಗ ಮುಂದಿನ ಗಾಳಿಯನ್ನು ದಬ್ಬುತ್ತದೆ, ಹಿಂದಿನಿಂದ ಗಾಳಿಯನ್ನು ಎಳೆಯುತ್ತದೆ. ಮೇಲೆ ಬಾಯಿ ತೆರೆದಿದ್ದರೆ ಅಲ್ಲಿಂದ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಆ ನೀರಿಗೆ ವಾಟರ್ ಸೀಲ್ ಅನ್ನುತ್ತೇವೆ, 50 ಎಂಎಂ ಆಳ ಇರಲೇಬೇಕು. ಮನೆಗೂ ಚರಂಡಿಗೂ ನಡುವೆ ಇರುವ ಬಾಗಿಲು ಅದೊಂದೇ.

ಇನ್ನು ಪದಗಳು. ಎಸ್.ಪಿ. ಅಂದರೆ ಸಾಯಿಲ್ ಪೈಪ್. ಇಲ್ಲಿ ಸಾಯಿಲ್ ಅಂದರೆ ಮಣ್ಣಲ್ಲ, ಮಲಮೂತ್ರ. ಕಮೋಡು, ಯೂರಿನಲ್‌ನಿಂದ ಬರುವುದು. ಡಬ್ಲ್ಯು.ಪಿ. ವೇಸ್ಟ್ ಪೈಪ್: ಸ್ನಾನ, ಸಿಂಕು, ಬಟ್ಟೆ ಒಗೆದ ನೀರು. ವಿ.ಪಿ.ಯಲ್ಲಿ ಬರೀ ಗಾಳಿ. ಎನ್.ಟಿ. ನಿಮ್ಮ ಬಾತ್‌ರೂಮಿನ ನೆಲದ ನಹಾನಿ ಟ್ರ್ಯಾಪು, ಜಿ.ಟಿ. ಹೊರಗಿನ ಗಲ್ಲಿ ಟ್ರ್ಯಾಪು, ಐ.ಸಿ. ಇನ್‌ಸ್ಪೆಕ್ಷನ್ ಚೇಂಬರು, ಅಂದರೆ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ. ಸಾಯಿಲ್ ನೇರ ಚೇಂಬರಿಗೆ ಹೋಗುತ್ತದೆ, ವೇಸ್ಟ್ ಗಲ್ಲಿ ಟ್ರ್ಯಾಪ್ ದಾಟಿ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಇಳಿಸಿದರೆ ಟೂ ಪೈಪ್ ಸಿಸ್ಟಮ್. ಎಲ್ಲವೂ ಒಂದೇ ಪೈಪಿನಲ್ಲಿ ಇಳಿದು, ಅದರ ತುದಿಯೇ ವೆಂಟ್ ಆದರೆ ಸಿಂಗಲ್ ಸ್ಟ್ಯಾಕ್ (ಸ್ಟ್ಯಾಕ್ ಅಂದರೆ ಮೇಲಿಂದ ಕೆಳಕ್ಕೆ ನೇರ ನಿಂತ ಪೈಪ್). ಎರಡು ಮಹಡಿಗೆ ಪ್ರತ್ಯೇಕ ವೆಂಟ್ ಪೈಪ್ ಬೇಕೋ ಬೇಡವೋ ಎಂಬುದನ್ನು ನಿಮ್ಮ ಎಂಜಿನಿಯರ್ ಹತ್ತಿರ ಮಾತಾಡಬಹುದು. ಆದರೆ ಸ್ಟ್ಯಾಕಿನ ತುದಿ ಟೆರೇಸಿನ ಮೇಲೆ ತೆರೆದಿರಬೇಕು ಅನ್ನುವುದರಲ್ಲಿ ಚೌಕಾಸಿ ಇಲ್ಲ. ಓದುವ ಮನಸ್ಸಿದ್ದರೆ 2016ರ ನ್ಯಾಷನಲ್ ಬಿಲ್ಡಿಂಗ್ ಕೋಡಿನ 9ನೇ ಭಾಗ ನೋಡಿ.

ಪೈಪ್ ಇಳಿಸಿಕೊಳ್ಳುವಾಗ ಮೇಲಿನ ಅಚ್ಚು ಓದಿ. ಎಸ್‌ಡಬ್ಲ್ಯುಆರ್ (ಸಾಯಿಲ್, ವೇಸ್ಟ್, ರೈನ್‌ವಾಟರ್) ಪೈಪಿಗೆ ಐಎಸ್ 13592 ಅಂತ ಇರುತ್ತದೆ. ಅದರಲ್ಲಿ ಟೈಪ್ ಎ ಗಾಳಿಗೆ, ಮಳೆನೀರಿಗೆ. ಟೈಪ್ ಬಿ ಸಾಯಿಲ್, ವೇಸ್ಟ್‌ಗೆ. ಎ ತೆಳು, ಅಗ್ಗ. ಅದನ್ನೇ ಟಾಯ್ಲೆಟ್ಟಿಗೂ ಹಾಕಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ನೆಲದ ಪೈಪಿಗೆ ಇಳಿಜಾರು 1:40 ಇಡಿಸಿ, 10 ಅಡಿಗೆ 3 ಇಂಚು. ತಿರುವುಗಳಲ್ಲಿ ಡೋರ್ ಬೆಂಡ್ ಹಾಕಿಸಿ, ನಾಳೆ ಕಟ್ಟಿಕೊಂಡರೆ ಬಿಚ್ಚಲು ಬರುತ್ತದೆ.

ಅಮೆರಿಕದಿಂದ:
ಇಲ್ಲಿ ಡ್ರೈನ್, ವೇಸ್ಟ್, ವೆಂಟ್ ಮೂರನ್ನೂ ಸೇರಿಸಿ ಡಿಡಬ್ಲ್ಯುವಿ ಅಂತಾರೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಸಿಂಕಿನ ಕೆಳಗೆ ಬಾಗಿ ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ತನ್ನ ನೀರನ್ನು ತಾನೇ ಹೀರಿಕೊಳ್ಳುತ್ತೆ ಅಂತ ಕೋಡಿನಲ್ಲಿ ನಿಷೇಧ; ಬಾಗಿ ಗೋಡೆಯೊಳಗೆ ಹೋಗುವ ಪಿ ಟ್ರ್ಯಾಪೇ ಹಾಕಬೇಕು. ನಮ್ಮ ಮನೆಯಲ್ಲಿ ಗೋಡೆ ಮುಚ್ಚುವ ಮುಂಚೆ ಪೈಪಿನ ಬಾಯಿಗಳನ್ನೆಲ್ಲ ಕಟ್ಟಿ, 10 ಅಡಿ ಎತ್ತರಕ್ಕೆ ನೀರು ತುಂಬಿಸಿ 15 ನಿಮಿಷ ಬಿಟ್ಟರು. ಒಂದು ಜಾಯಿಂಟ್ ಜಿನುಗಿದ್ದು ಆಗಲೇ ಕಂಡಿದ್ದು. ನೀವೂ ಟೈಲ್ಸ್ ಹಾಕುವ ಮೊದಲು ಇದನ್ನು ಮಾಡಿಸಿ ಸರ್.

ಸಾಗರದಿಂದ:
ಪೈಪೆಲ್ಲ ಸರಿ ಇದ್ದೂ ನಮ್ಮಲ್ಲಿ ವಾಸನೆ ಬಂತು. ಅತಿಥಿಗಳ ಬಾತ್‌ರೂಮು, ಬೇಸಿಗೆ ಪೂರ್ತಿ ಯಾರೂ ಬಳಸಿರಲಿಲ್ಲ, ಟ್ರ್ಯಾಪಿನ ನೀರು ಆರಿಹೋಗಿತ್ತು. ಈಗ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಹೊಯ್ತೇನೆ.

ಸೈಟ್ ಎಂಜಿನಿಯರ್, ಹುಬ್ಬಳ್ಳಿ:
ಅಕ್ಕ, ನೀವು ಹೇಳಿದ್ದು ಸಣ್ಣ ಮಾತಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ಬಂದಾಗ, ಬಾತ್‌ರೂಮಿನ ನೆಲದ ಟ್ರ್ಯಾಪುಗಳು ಒಣಗಿದ್ದೂ ಸೋಂಕು ಹರಡಲು ಒಂದು ಕಾರಣ ಅಂತ ಅಲ್ಲಿನ ತನಿಖೆ ಹೇಳಿತು.

ಕೇಳಿದವರು, ದಾವಣಗೆರೆ:
ಎಲ್ಲರಿಗೂ ತುಂಬಾ ಧನ್ಯವಾದ. ಈಗಷ್ಟೇ ಸೈಟಿಗೆ ಹೋಗಿ ಬಂದೆ. ನಿನ್ನೆ ಇಳಿಸಿದ ಪೈಪುಗಳ ಮೇಲೆಲ್ಲ ಟೈಪ್ ಎ ಅಂತಿದೆ. ಟಾಯ್ಲೆಟ್ಟಿನವನ್ನು ವಾಪಸ್ ಕಳಿಸಿ ಬಿ ತರಿಸ್ತಿದೀನಿ. ನೀರು ತುಂಬಿಸಿ ನೋಡೋಕೆ ಪ್ಲಂಬರ್ ಒಪ್ಪಿದಾರೆ, ಗುರುವಾರ ಇಟ್ಕೊಂಡಿದೀವಿ.