ರಾತ್ರಿ ರಾಣಿ ಮತ್ತು ಪಾರಿಜಾತ ಒಂದೇ ಗಿಡವೇ? ತಾಯಿಯವರಿಗೆ ಕಷಾಯ ಕೊಡುವ ಮುನ್ನ ಕೇಳುತ್ತಿದ್ದೇನೆ

ಪ್ರಶ್ನೆ: ಗಂಗಾವತಿಯ ನಿವಾಸಿ

ಹಿರಿಯರಿಗೆ ನಮಸ್ಕಾರ. ನಮ್ಮ ತಾಯಿಯವರಿಗೆ 68 ವರ್ಷ. ಎಂಟು ತಿಂಗಳಿಂದ ಅವರಿಗೆ ಬಲಸೊಂಟದಲ್ಲಿ ಹುಟ್ಟುವ ಸೆಳೆತವು ತೊಡೆಯ ಹಿಂಬದಿಯಿಂದ ಮೀನಖಂಡಕ್ಕಿಳಿದು ಹಿಮ್ಮಡಿಯವರೆಗೂ ಹೋಗುತ್ತಿದ್ದು, ಹತ್ತು ನಿಮಿಷ ನಿಂತು ರೊಟ್ಟಿ ತಟ್ಟುವುದೂ ಕಷ್ಟವಾಗಿದೆ. ಡಾಕ್ಟರು ಇದನ್ನು ಸಯಾಟಿಕಾ ಎಂದಿದ್ದಾರೆ. ಪಾರಿಜಾತದ ಎಲೆಯ ಕಷಾಯ ಇದಕ್ಕೆ ಒಳ್ಳೆಯದೆಂದು ನಮ್ಮ ಸೋದರತ್ತೆಯವರು ಹೇಳಿದರು. ನಮ್ಮ ಮನೆಯ ಕಾಂಪೌಂಡಿನಲ್ಲಿ ಎರಡು ವರ್ಷದ ಹಿಂದೆ ಒಂದು ನರ್ಸರಿಯಿಂದ ತಂದು ನೆಟ್ಟ ಗಿಡವಿದೆ. ಕೊಡುವಾಗ ಅವರು ಅದನ್ನು ರಾತ್ರಿ ರಾಣಿ ಎಂದರು, ಪಾರಿಜಾತವೆಂದರೂ ಅದೇ ಎಂದು ಸೇರಿಸಿದರು. ಸಂಜೆ ಏಳರ ನಂತರ ಹೂವು ಅರಳಿದರೆ ಪಕ್ಕದ ಬೀದಿಯವರೆಗೂ ಪರಿಮಳ ಹರಡುತ್ತದೆ. ಎಲೆ ಉದ್ದವಾಗಿ, ನುಣುಪಾಗಿ, ಹೊಳೆಯುತ್ತದೆ. ಹೂವು ಹಸಿರು ಬೆರೆತ ಬಿಳಿಯ ಸಣ್ಣ ಕೊಳವೆಗಳಂತೆ ಗೊಂಚಲಲ್ಲಿ ಬಿಡುತ್ತದೆ. ಇದೇ ಪಾರಿಜಾತವೇ? ಹೌದಾದರೆ ಕಷಾಯವನ್ನು ಹೇಗೆ ಮಾಡಬೇಕು, ಎಷ್ಟು ದಿನ ಕೊಡಬೇಕು? ತಾಯಿಯವರು ಸಕ್ಕರೆ ಕಾಯಿಲೆಗೆ ಮತ್ತು ಬಿಪಿಗೆ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಇನ್ನೂ ಒಂದು ಎಲೆಯನ್ನೂ ಕಿತ್ತಿಲ್ಲ.

ಉತ್ತರ 1: ರಾಯಚೂರಿನ ನಿವೃತ್ತ ಜೀವಶಾಸ್ತ್ರ ಶಿಕ್ಷಕ

ದಯವಿಟ್ಟು ಆ ಗಿಡದ ಎಲೆಯನ್ನು ಕೀಳಲೇಬೇಡಿ. ತಾವು ಬಣ್ಣಿಸಿರುವುದು ಪಾರಿಜಾತವಲ್ಲ, ರಾತ್ರಿ ರಾಣಿಯೇ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸೆಸ್ಟ್ರಮ್ ನಾಕ್ಟರ್ನಮ್. ಬದನೆ, ಟೊಮೆಟೊ, ಉಮ್ಮತ್ತಿಗಳಿರುವ ಕುಟುಂಬಕ್ಕೆ ಸೇರಿದ್ದು. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಅಲಂಕಾರಕ್ಕೆಂದು ನಮ್ಮಲ್ಲಿಗೆ ಬಂದ ಈ ಗಿಡದ ಎಲೆ ಮತ್ತು ಕಾಯಿಗಳು ವಿಷಕಾರಿ. ಪಾರಿಜಾತ ಅಥವಾ ನಿಕ್ಟಾಂಥಿಸ್ ಆರ್ಬರ್-ಟ್ರಿಸ್ಟಿಸ್ ಮಲ್ಲಿಗೆಯ ಕುಟುಂಬದ್ದು, ನಮ್ಮ ದೇಶದ್ದೇ ಗಿಡ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನಿಯಸ್ 1753ರಲ್ಲಿ ಅದಕ್ಕಿಟ್ಟ ಹೆಸರಿನ ಕೊನೆಯ ಎರಡು ಪದಗಳಿಗೆ ದುಃಖದ ಮರ ಎಂದರ್ಥ, ಏಕೆಂದರೆ ಬೆಳಗಾಗುವಷ್ಟರಲ್ಲಿ ಅದು ತನ್ನ ಹೂವನ್ನೆಲ್ಲ ನೆಲಕ್ಕೆ ಸುರಿದುಬಿಡುತ್ತದೆ. ಇಂಗ್ಲಿಷಿನಲ್ಲಿ ಒಂದನ್ನು ನೈಟ್ ಬ್ಲೂಮಿಂಗ್ ಜಾಸ್ಮಿನ್ ಎಂದೂ ಇನ್ನೊಂದನ್ನು ನೈಟ್ ಫ್ಲವರಿಂಗ್ ಜಾಸ್ಮಿನ್ ಎಂದೂ ಕರೆಯುವುದರಿಂದ, ಮೊಬೈಲಿನಲ್ಲಿ ಹುಡುಕಿದವರಿಗೆ ಒಂದರ ಚಿತ್ರದ ಕೆಳಗೆ ಇನ್ನೊಂದರ ಗುಣಗಳು ಸಿಗುತ್ತವೆ. ನರ್ಸರಿಯವರ ಗೊಂದಲಕ್ಕೂ ಇದೇ ಕಾರಣವಿರಬಹುದು.

ಗುರುತಿಸಲು ಪುಸ್ತಕವೇನೂ ಬೇಕಿಲ್ಲ. ಪಾರಿಜಾತದ ಎಲೆಯ ಮೇಲೆ ಹೆಬ್ಬೆರಳನ್ನು ತುದಿಯಿಂದ ತೊಟ್ಟಿನ ಕಡೆಗೆ ಎಳೆದರೆ ಬಡಗಿಯ ಉಪ್ಪುಕಾಗದವನ್ನು ಮುಟ್ಟಿದ ಹಾಗಾಗುತ್ತದೆ. ಉಗುರನ್ನು ಉಜ್ಜಿದರೆ ಗೆರೆ ಬೀಳುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಎಳೆಯ ಕಡ್ಡಿಯನ್ನು ಎರಡು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಅಂಚುಗಳು ತಿಳಿಯುತ್ತವೆ. ಕಾಯಿ ನಾಣ್ಯದಂತೆ ಚಪ್ಪಟೆಯಾಗಿದ್ದು, ಒಣಗಿದಾಗ ಎರಡು ಹೋಳಾಗಿ ಒಂದೊಂದರಲ್ಲಿ ಒಂದು ಬೀಜವಿರುತ್ತದೆ. ರಾತ್ರಿ ರಾಣಿಯಲ್ಲಾದರೋ ಎಲೆ ನುಣುಪು, ಕಡ್ಡಿಯ ಮೇಲೆ ಒಂದಾದ ಮೇಲೊಂದು, ಕಾಯಿ ಬಿಳಿಯ ಸಣ್ಣ ಗುಂಡು. ಅದರ ಹೂವು ಹಗಲಲ್ಲಿ ಮುಚ್ಚಿಕೊಂಡು ಗಿಡದಲ್ಲೇ ಇರುತ್ತದೆ. ಕೇಸರಿ ತೊಟ್ಟಿನ ಬಿಳಿ ಹೂವು ಬೆಳಗ್ಗೆ ನೆಲದ ಮೇಲೆ ಬಿದ್ದಿದ್ದರೆ ಮಾತ್ರ ಅದು ಪಾರಿಜಾತ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಬಿಳಿ ಕಾಯಿಗಳು ಅವರ ಕೈಗೆ ಸಿಗದಂತೆಯೂ ನೋಡಿಕೊಳ್ಳಿ.

ಉತ್ತರ 2: ಬಳ್ಳಾರಿಯ ಗೃಹಿಣಿ

ಮೇಷ್ಟ್ರು ಸರಿಯಾದ ಸಮಯಕ್ಕೆ ಎಚ್ಚರಿಸಿದ್ದಾರೆ. ನಮ್ಮ ಹಿತ್ತಲಿನಲ್ಲಿ ಅಜ್ಜಿ ನೆಟ್ಟ ಪಾರಿಜಾತವಿದೆ. ಶ್ರಾವಣ ಕಳೆದು ಹೂವು ಶುರುವಾದರೆ ಅಜ್ಜಿ ರಾತ್ರಿಯೇ ಗಿಡದ ಬುಡಕ್ಕೆ ಒಗೆದ ಹಳೆಯ ಧೋತರ ಹಾಸಿಡುತ್ತಿದ್ದರು; ಬೆಳಗ್ಗೆ ನಾಲ್ಕೂ ಮೂಲೆ ಹಿಡಿದೆತ್ತಿದರೆ ಹೂವೆಲ್ಲ ಮಣ್ಣು ಸೋಕದೆ ನಡುವೆ ರಾಶಿಯಾಗುತ್ತಿತ್ತು. ನೆಲಕ್ಕೆ ಬಿದ್ದ ಹೂವನ್ನು ದೇವರಿಗೆ ಏರಿಸಬಾರದೆಂಬ ನಿಯಮ ಪಾರಿಜಾತಕ್ಕೆ ಮಾತ್ರ ಇಲ್ಲವೆಂದು ಹೇಳುತ್ತಲೇ ಅವರು ಧೋತರ ಹಾಸುತ್ತಿದ್ದರು. ಪೂಜೆಗೆ ಉಳಿದದ್ದರಲ್ಲಿ ಕೇಸರಿ ತೊಟ್ಟುಗಳನ್ನಷ್ಟೇ ಬಿಡಿಸಿ ನೆರಳಿನಲ್ಲಿ ಒಣಗಿಸಿ, ಕುದಿಸಿ, ಬಟ್ಟೆಗೆ ಬಣ್ಣ ಕಟ್ಟುತ್ತಿದ್ದದ್ದೂ ನನಗೆ ನೆನಪಿದೆ.

ಎಲೆಯನ್ನು ನಮ್ಮ ಮನೆಯಲ್ಲಿ ಬಳಸುತ್ತಿದ್ದದ್ದು ಜ್ವರಕ್ಕೆ, ಕೀಲು ನೋವಿಗೆ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ಭಾಗದಲ್ಲೆಲ್ಲ ಹರಡಿದಾಗ ಜ್ವರ ನಾಲ್ಕು ದಿನಕ್ಕೆ ಇಳಿದರೂ ನನ್ನ ಮಣಿಕಟ್ಟು, ಕಾಲಿನ ಗಂಟುಗಳ ನೋವು ತಿಂಗಳುಗಟ್ಟಲೆ ಉಳಿಯಿತು, ಬೆಳಗ್ಗೆ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಅಜ್ಜಿ ಆಗ ಐದಾರು ಬಲಿತ ಎಲೆಗಳನ್ನು ತೊಳೆದು, ಕೈಯಲ್ಲಿ ಹರಿದು, ನಾಲ್ಕು ಲೋಟ ನೀರು ಒಂದು ಲೋಟವಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ಅರ್ಧ ಲೋಟ ಕೊಡುತ್ತಿದ್ದರು. ಬೇವಿಗೂ ಮೀರಿದ ಕಹಿ ಅದು, ಗಂಟಲಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಎರಡು ವಾರದಲ್ಲಿ ಬಿಗಿತ ಕಡಿಮೆಯಾಯಿತು. ಅದೇ ಅವಧಿಯಲ್ಲಿ ಆಸ್ಪತ್ರೆಯ ಮಾತ್ರೆಗಳೂ ನಡೆದಿದ್ದವು, ಆದ್ದರಿಂದ ಕಷಾಯವೊಂದರಿಂದಲೇ ಗುಣವಾಯಿತೆಂದು ನಾನು ಹೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿದ ಮೂರು ದಿನಕ್ಕೆ ನನಗೆ ಎದೆಯುರಿ ಬಂದದ್ದರಿಂದ ಮುಂದೆ ಉಪ್ಪಿಟ್ಟು ತಿಂದ ಮೇಲೆ ಕುಡಿಯುವಂತೆ ಬದಲಾಯಿಸಿಕೊಂಡೆ. ಮಕ್ಕಳಿಗೆ ಜಂತುಹುಳು ಎಂದರೆ ಎಲೆಯ ರಸವನ್ನು ಜೇನುತುಪ್ಪದಲ್ಲಿ ನೆಕ್ಕಿಸುವ ರೂಢಿಯೂ ಇತ್ತು. ಈಗ ಶಾಲೆಯಲ್ಲೇ ಮಾತ್ರೆ ಕೊಡುವಾಗ ಅದರ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಉತ್ತರ 3: ಕೊಪ್ಪಳದ ಆಯುರ್ವೇದ ವೈದ್ಯೆ

ತಾಯಿಯವರ ನೋವನ್ನು ಆಯುರ್ವೇದದಲ್ಲಿ ಗೃಧ್ರಸಿ ಎನ್ನುತ್ತೇವೆ. ಗೃಧ್ರವೆಂದರೆ ರಣಹದ್ದು, ಕಾಲನ್ನು ಎಳೆದುಕೊಂಡು ನಡೆಯುವ ರೋಗಿಯ ನಡಿಗೆಯಿಂದ ಈ ಹೆಸರು ಬಂದಿದೆ. ಪಾರಿಜಾತಕ್ಕೆ ಸಂಸ್ಕೃತದಲ್ಲಿ ಶೇಫಾಲಿಕಾ ಎಂಬ ಹೆಸರೂ ಇದ್ದು, ಅದರ ಎಲೆಯನ್ನು ಮಂದವಾದ ಉರಿಯಲ್ಲಿ ಬೇಯಿಸಿ ತೆಗೆದ ಕಷಾಯವನ್ನು ಗೃಧ್ರಸಿಗೆ 11ನೆಯ ಶತಮಾನದ ಆಯುರ್ವೇದ ಗ್ರಂಥಕಾರ ಚಕ್ರಪಾಣಿದತ್ತ ಹೇಳಿದ್ದಾನೆ. ಆದ್ದರಿಂದ ತಮ್ಮ ಸೋದರತ್ತೆಯವರ ಮಾತಿಗೆ ಆಧಾರವಿದೆ, ಬಳ್ಳಾರಿಯ ಅಮ್ಮನವರ ಸಣ್ಣ ಉರಿಗೂ ಆಧಾರವಿದೆ. ಈಗಿನ ಕಾಲದಲ್ಲಿ ಎಲೆಯ ಸಾರವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದಾಗ ಬಾವು ಮತ್ತು ನೋವನ್ನು ತಗ್ಗಿಸುವ ಗುಣ ಕಂಡಿದೆ. ಮನುಷ್ಯರ ಮೇಲೆ ನಡೆದ ದೊಡ್ಡ ಪ್ರಯೋಗಗಳ ಬೆಂಬಲ ಅದಕ್ಕಿನ್ನೂ ಇಲ್ಲ, ಹಾಗಾಗಿ ಇದನ್ನು ಆಸ್ಪತ್ರೆಯ ಚಿಕಿತ್ಸೆಗೆ ಬದಲಿಯಾಗಿ ಹಿಡಿಯಬಾರದು.

ತಾವು ಕೊನೆಯಲ್ಲಿ ಬರೆದ ಮಾತ್ರೆಗಳ ವಿಷಯವೇ ನನಗೆ ಮುಖ್ಯವಾಗಿ ಕಾಣುತ್ತದೆ. ಈ ಎಲೆಯ ಸಾರವು ಪ್ರಾಣಿಗಳಲ್ಲಿ ರಕ್ತದ ಸಕ್ಕರೆಯನ್ನೂ ಇಳಿಸಿರುವುದರಿಂದ, ಸಕ್ಕರೆಯ ಮಾತ್ರೆಯ ಜೊತೆ ಕಷಾಯ ಸೇರಿದಾಗ ಸಕ್ಕರೆ ಇಳಿದುಹೋಗಿ ಬೆವರು, ನಡುಕ, ತಲೆಸುತ್ತು ಬರುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಹಿ ಕಳೆಯಲು ಬೆಲ್ಲ ಬೆರೆಸುವುದೂ ಅವರಿಗೆ ಸಲ್ಲದು. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಮೊದಲು ತಿಳಿಸಿ. ಬಳಿಕ ಬಳ್ಳಾರಿಯ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಗೋ ಹತ್ತಿರದ ಆಯುರ್ವೇದ ವೈದ್ಯರಲ್ಲಿಗೋ ಕರೆದೊಯ್ದು ತೋರಿಸಿ ಪ್ರಮಾಣ ಮತ್ತು ದಿನಗಳನ್ನು ಬರೆಸಿಕೊಳ್ಳಿ. ಗರ್ಭಿಣಿಯರಿಗೆ ಇದನ್ನು ಮನೆಮದ್ದಾಗಿ ಕೊಡಬೇಡಿ ಎಂಬುದನ್ನು ಇದನ್ನು ಓದುವ ಇತರರೂ ಗಮನಿಸಬೇಕು. ತಾಯಿಯವರ ಪಾದ ಎತ್ತಲಾಗದೆ ಜೋತುಬಿದ್ದರೆ, ಕೂರುವ ಭಾಗದಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ ಯಾವ ಕಷಾಯಕ್ಕೂ ಕಾಯದೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು. ನರ ಅದುಮಿಹೋದಾಗ ತಡಮಾಡಿದರೆ ಶಕ್ತಿ ಮರಳಿ ಬಾರದೆ ಉಳಿಯಬಹುದು.

ಪ್ರಶ್ನೆ ಕೇಳಿದವರು: ಗಂಗಾವತಿ

ಎಲ್ಲರಿಗೂ ಕೈಮುಗಿದು ವಂದನೆಗಳು. ಇಂದು ಬೆಳಗ್ಗೆ ಎದ್ದವನೇ ಗಿಡದ ಹತ್ತಿರ ಹೋಗಿ ನೋಡಿದೆ. ನೆಲದಲ್ಲಿ ಒಂದು ಹೂವೂ ಇರಲಿಲ್ಲ, ಎಲೆ ಅಂಗೈಯಷ್ಟೇ ನುಣುಪಾಗಿತ್ತು. ಎರಡು ವರ್ಷ ಅದನ್ನು ಪಾರಿಜಾತವೆಂದೇ ನಂಬಿದ್ದೆವು. ಕೇಳದೆ ಕುದಿಸಿದ್ದರೆ ಏನಾಗುತ್ತಿತ್ತೆಂದು ನೆನೆದು ಮೈ ಜುಮ್ಮೆಂದಿತು. ಮೊಮ್ಮಗಳ ಕೈಗೆಟುಕುವ ಕೊಂಬೆಗಳನ್ನೆಲ್ಲ ಕಾಯಿಸಮೇತ ಕತ್ತರಿಸಿ ಹಾಕಿದ್ದೇನೆ. ತಾಯಿಯವರನ್ನು ಸೋಮವಾರ ಡಾಕ್ಟರಲ್ಲಿಗೆ ಕರೆದೊಯ್ಯುತ್ತೇನೆ. ನಿಜವಾದ ಪಾರಿಜಾತವನ್ನು ನಮ್ಮ ಎರೆಮಣ್ಣಿನಲ್ಲಿ ಬೆಳೆಸಬಹುದೇ?

ಉತ್ತರ 4: ಬಳ್ಳಾರಿಯ ಗೃಹಿಣಿ

ಬೆಳೆಸಬಹುದು, ಆದರೆ ಎರೆಯಲ್ಲಿ ಮಳೆನೀರು ನಿಂತರೆ ಬೇರು ಕೊಳೆಯುತ್ತದೆ. ಎರಡು ಅಡಿ ಗುಂಡಿ ತೋಡಿ, ಮಸಾರಿ ಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ ಬೆರೆಸಿ ತುಂಬಿ, ಬುಡವನ್ನು ಸ್ವಲ್ಪ ಎತ್ತರಕ್ಕಿಡಿ. ಬಿಸಿಲು ಚೆನ್ನಾಗಿ ಬೀಳುವ ಜಾಗವಿರಲಿ. ನಮ್ಮ ಗಿಡದ ಕೆಳಗೆ ಪ್ರತಿ ಮಳೆಗಾಲವೂ ಬೀಜ ಬಿದ್ದು ಸಸಿಗಳು ಏಳುತ್ತವೆ. ತಾಯಿಯವರನ್ನು ಬಳ್ಳಾರಿಗೆ ಕರೆತರುವ ದಿನ ತಿಳಿಸಿದರೆ ಎರಡು ಸಸಿಗಳನ್ನು ಮಣ್ಣಿನ ಹೆಂಟೆಸಮೇತ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟಿರುತ್ತೇನೆ. ಒಯ್ಯುವ ಮುನ್ನ ಎಲೆಯನ್ನು ತಾವೇ ಮುಟ್ಟಿ ನೋಡಿ.