ಆಂಥೂರಿಯಂ ಎಲೆ ಅಂಚಿನಿಂದ ಒಣಗುತ್ತಿದೆ, ಔಷಧಿ ಹೊಡೆದರೂ ನಿಲ್ಲುತ್ತಿಲ್ಲ. ನಿಮ್ಮ ಅನುಭವ ಹೇಳಿ

ಪ್ರಶ್ನೆ: ಆಂಥೂರಿಯಂ, ಅಗ್ಲೋನೀಮಾ, ಡೈಫೆನ್‌ಬಾಕಿಯಾ ಎಲ್ಲ ಸೇರಿ ನನ್ನ ಹತ್ತಿರ ಇಪ್ಪತ್ತು ಕುಂಡಗಳಿವೆ. ಮೂರು ವಾರದಿಂದ ಆಂಥೂರಿಯಂ ಎಲೆಗಳ ಅಂಚು ಹಳದಿಯಾಗಿ, ಆಮೇಲೆ ಕಂದಾಗುತ್ತಿದೆ. ಕಾರ್ಬೆಂಡಜಿಮ್ ಅನ್ನುವ ಫಂಗಸ್ ಔಷಧಿ ಎರಡು ಸಲ ಹೊಡೆದೆ, ಏನೂ ಆಗಲಿಲ್ಲ. ಯಾರಿಗಾದರೂ ಹೀಗಾಗಿತ್ತಾ?

ಉತ್ತರ 1: ನನಗೂ ಆಗಿತ್ತು. ಫಂಗಸ್ ಅಂದುಕೊಂಡು ಒಂದು ತಿಂಗಳು ಸುಮ್ನೆ ಅದನ್ನೇ ಹೊಡೆದೆ. ಕಾರ್ಬೆಂಡಜಿಮ್ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವುದೇ ಇಲ್ಲ!

ಬೆಳಗ್ಗೆ ಆಂಥೂರಿಯಂ ಎಲೆಯ ಅಂಚಿನಲ್ಲಿ ಹನಿ ನಿಂತಿರುತ್ತದೆ, ಅಲ್ವಾ? ಅದೆಲ್ಲ ಇಬ್ಬನಿಯಲ್ಲ, ಗಿಡವೇ ಹೊರಗೆ ಹಾಕಿದ ನೀರು. ಆ ಹನಿ ಬರುವ ಸಣ್ಣ ತೂತುಗಳಿಂದಲೇ ಕ್ಸಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತದೆ. ಅದಕ್ಕೇ ರೋಗ ಅಂಚಿನಿಂದ ಶುರುವಾಗುವುದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕಲೆ ನೀರು ಕುಡಿದ ಕಾಗದದ ಹಾಗೆ ಕಂಡು, ಸುತ್ತ ಹಳದಿ ಅಂಚು ಇದ್ದರೆ ಇದೇ ಇರಬೇಕು. 1980ರ ದಶಕದಲ್ಲಿ ಹವಾಯಿಯಲ್ಲಿ ಎಷ್ಟೋ ಆಂಥೂರಿಯಂ ತೋಟಗಳು ನೆಲಕಚ್ಚಿದ್ದು ಈ ರೋಗದಿಂದಲೇ. ಅಗ್ಲೋನೀಮಾ, ಡೈಫೆನ್‌ಬಾಕಿಯಾ ಅದೇ ಕುಟುಂಬದವು, ಅವಕ್ಕೂ ಅಂಟುತ್ತದೆ.

ರೋಗ ಕಾಂಡಕ್ಕೆ ಇಳಿದಿದ್ದ ಎರಡು ಗಿಡಗಳನ್ನು ಮಣ್ಣು ಸಮೇತ ಬಿಸಾಡಿದೆ. ಹೊಟ್ಟೆ ಉರಿಯಿತು. ಉಳಿದವುಗಳ ರೋಗದ ಎಲೆಗಳನ್ನು, ನೀರಿನ ಪಸೆ ಆರಿದ ಮೇಲೆಯೇ ಕತ್ತರಿಸಿದೆ. ಪ್ರತಿ ಗಿಡಕ್ಕೂ ಕತ್ತರಿಯನ್ನು 70% ಆಲ್ಕೋಹಾಲ್‌ನಲ್ಲಿ ಅದ್ದಿದೆ. ಮೊದಲ ಸಲ ಹೀಗೆ ಮಾಡದೆ, ಗಿಡದಿಂದ ಗಿಡಕ್ಕೆ ರೋಗ ಹಂಚಿದವಳು ನಾನೇ.

ಉತ್ತರ 2: ಮೂಗನ್ನೂ ಬಳಸಿ. ನನ್ನ ಡೈಫೆನ್‌ಬಾಕಿಯಾ ಬುಡ ಮೆತ್ತಗಾಗಿ, ಮುಟ್ಟಿದರೆ ಲೋಳೆ, ಕೊಳೆತ ಮೀನಿನ ವಾಸನೆ. ಇದು ಬೇರೆ ಬ್ಯಾಕ್ಟೀರಿಯಾದ ಕೊಳೆ. ತುದಿ ಚೆನ್ನಾಗಿದೆ ಅಂತ ಕತ್ತರಿಸಿ ನೆಟ್ಟೆ. ಹತ್ತೇ ದಿನದಲ್ಲಿ ಅದೂ ಹೋಯಿತು.

ಉತ್ತರ 3: ಎಲ್ಲವನ್ನೂ ಬ್ಯಾಕ್ಟೀರಿಯಾ ತಲೆಗೆ ಕಟ್ಟಬೇಡಿ. ಕಲೆ ಒಣಗಿ, ಉಂಗುರದೊಳಗೆ ಉಂಗುರ ಮೂಡಿ, ನಡುವೆ ಸಣ್ಣ ಕಪ್ಪು ಚುಕ್ಕಿ ಕಂಡರೆ ಅದು ಚಿಬ್ಬು ರೋಗ. ಅದು ಫಂಗಸ್‌ನದೇ. ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಗುಂಡುಗಳು ಇದ್ದರೆ ಸ್ಕ್ಲೆರೋಷಿಯಂ ಅನ್ನುವ ಫಂಗಸ್. ಆ ಮಣ್ಣನ್ನು ಮತ್ತೆ ಬಳಸಲೇಬೇಡಿ. ಒಂದು ಸಲ ಬೇರನ್ನೂ ನೋಡಿ. ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಕೈಗೆ ಬಂದರೆ ಬೇರು ಕೊಳೆ, ಹೆಚ್ಚಾಗಿ ಪಿಥಿಯಂ ಅನ್ನುವ, ಫಂಗಸ್‌ನಂಥ ಜೀವಿಯಿಂದ ಬರುವುದು. ತಮಾಷೆ ಅಂದ್ರೆ ಅದಕ್ಕೂ ಕಾರ್ಬೆಂಡಜಿಮ್ ನಾಟುವುದಿಲ್ಲ.

ಕೇಳಿದವರು: ಹಾಗಾದರೆ ಕಾಪರ್ ಆಕ್ಸಿಕ್ಲೋರೈಡ್ ಹೊಡೆಯಲಾ? ಪಕ್ಕದಲ್ಲೇ ಬ್ರೊಮೀಲಿಯಾಡ್ (ಅನಾನಸ್ ಜಾತಿಯ ಅಲಂಕಾರದ ಗಿಡ) ಇವೆ.

ಉತ್ತರ 1: ಬ್ರೊಮೀಲಿಯಾಡ್‌ಗೆ ತಾಮ್ರ ವಿಷ, ಮೊದಲು ಅವನ್ನು ದೂರ ಇಡಿ. ತಾಮ್ರದ ಔಷಧಿ ಹೊಸ ಎಲೆಗೆ ರೋಗ ಹತ್ತುವುದನ್ನು ಒಂದಷ್ಟು ತಡೆಯುತ್ತದೆ. ಒಳಗೆ ಹೊಕ್ಕಿದ್ದನ್ನು ವಾಸಿ ಮಾಡುವುದಿಲ್ಲ. ಆಂಥೂರಿಯಂ ಹೂವಿಗೂ ಅದು ಕಲೆ ಮಾಡಬಹುದು. ಒಂದು ಗಿಡಕ್ಕೆ ಹೊಡೆದು ವಾರ ಕಾಯಿರಿ. ನನ್ನ ಕೇಳಿದರೆ ಔಷಧಿಗಿಂತ ನೀರು ಹಾಕುವ ರೀತಿ ಬದಲಿಸಿದ್ದೇ ಜಾಸ್ತಿ ಉಪಯೋಗವಾಯಿತು. ಎಲೆ ಮೇಲೆ ನೀರು ಚಿಮುಕಿಸುವುದನ್ನು ಬಿಟ್ಟೆ. ಬೆಳಗ್ಗೆ ಬುಡಕ್ಕೆ ಮಾತ್ರ ಹಾಕುತ್ತೇನೆ. ಕುಂಡಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟಿದ್ದೇನೆ. ಸಾರಜನಕದ ಗೊಬ್ಬರವನ್ನೂ ಕಡಿಮೆ ಮಾಡಿದೆ.

ಕೇಳಿದವರು: ಎಲೆ ಬೆಳಕಿಗೆ ಹಿಡಿದೆ. ನೀವು ಹೇಳಿದ ಹಾಗೆಯೇ ಇದೆ. ಮೂರು ಕುಂಡ ಬೇರೆ ಇಟ್ಟಿದ್ದೇನೆ. ಒಂದರ ಕಾಂಡವೂ ಕಂದಾಗಿದೆ, ಆದರೆ ಅದರಲ್ಲಿ ಮೊಗ್ಗು ಬಂದಿದೆ. ಬಿಸಾಡಲು ಇನ್ನೂ ಕೈ ಬಂದಿಲ್ಲ.