‘ತೋರಿಕೆಯ ತೂಕ’ ಸರಿಯೇ? ‘ತೂಗಿದ ತೂಕ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಕೋಲಾರದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವಾರ ಇಂಗ್ಲಿಷಿನ ‘apparent weight’ಗೆ, ಅಂದರೆ ಸ್ಪ್ರಿಂಗ್ ತಕ್ಕಡಿ ತೋರಿಸುವ ತೂಕಕ್ಕೆ, ಬೋರ್ಡಿನ ಮೇಲೆ ‘ತೋರಿಕೆಯ ತೂಕ’ ಅಂತ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, “ಹಂಗಂದ್ರೆ ಅದು ಸುಳ್ಳು ತೂಕಾನಾ ಮೇಡಂ?” ಅಂದಳು.

ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ತೋರಿಕೆಯ ಪ್ರೀತಿ, ತೋರಿಕೆಯ ಭಕ್ತಿ ಅಂತೀವಲ್ಲ, ಅಲ್ಲೆಲ್ಲ ಒಳಗೊಂದು ಹೊರಗೊಂದು ಅನ್ನುವ ಅರ್ಥವೇ. ಅದರ ಬದಲು ‘ಆಭಾಸ ತೂಕ’ ಅಂದರೆ ಇನ್ನೂ ಕಷ್ಟ. ನಮ್ಮ ಮಾತಿನಲ್ಲಿ ಆಭಾಸ ಅಂದರೆ ನಾಲ್ಕು ಜನರ ಮುಂದೆ ಆಗಬಾರದ್ದು ಆಯಿತು ಅಂತ.

ಈ ತೂಕದಲ್ಲಿ ಸುಳ್ಳೇನೂ ಇಲ್ಲ. ಕೋಲಾರದಲ್ಲಿ ನಾವು ಸುಮ್ನೆ ನಿಂತಿದ್ದರೂ ಭೂಮಿಯ ಜೊತೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತೇವೆ. ಭೂಮಿಯ ಸೆಳೆತದಲ್ಲಿ ಒಂದು ಚೂರು ನಮ್ಮನ್ನು ಹೀಗೆ ಸುತ್ತಿಸುವುದಕ್ಕೇ ಖರ್ಚಾಗುತ್ತದೆ. ಮಿಕ್ಕಿದ್ದಷ್ಟೇ ನೆಲವನ್ನು ಒತ್ತುತ್ತದೆ. ಸಮಭಾಜಕದಲ್ಲಿ ಆ ಚೂರು ಸಾವಿರಕ್ಕೆ ಸುಮಾರು ಮೂರೂವರೆ ಪಾಲು. ಧ್ರುವದಲ್ಲಿ ಸೊನ್ನೆ. ನಾವಿರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ, ಹಾಗಾಗಿ ನಮ್ಮ ಪಾಲು ಸಮಭಾಜಕಕ್ಕಿಂತ ತುಸು ಕಡಿಮೆ.

ಮಕ್ಕಳಿಗೆ ನಮ್ಮ ಮಂಡಿಯ ಟೊಮೆಟೊ ಬಾಕ್ಸ್‌ನಿಂದಲೇ ಲೆಕ್ಕ ಮಾಡಿಸಿದೆ. 15 ಕೆ.ಜಿ. ಬಾಕ್ಸನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ. ಭೂಮಿ ತಿರುಗದೆ ನಿಂತಿದ್ದರೆ ಎಷ್ಟು ತೋರಿಸುತ್ತಿತ್ತೋ ಅದಕ್ಕಿಂತ ಸುಮಾರು 50 ಗ್ರಾಂ ಕಡಿಮೆ ತೋರಿಸುತ್ತದೆ. ಒಂದು ಸಣ್ಣ ಟೊಮೆಟೊದಷ್ಟು! ಬಾಕ್ಸಿನಿಂದ ಒಂದು ಹಣ್ಣೂ ಆಚೆ ಹೋಗಿಲ್ಲ, ದ್ರವ್ಯರಾಶಿ ಇದ್ದಷ್ಟೇ ಇದೆ. (ಬೆಳೆದವರಿಗೆ ಇದರಿಂದ ನಷ್ಟವಿಲ್ಲ. ತೂಕದ ಮಷಿನ್ನನ್ನು ಸರಿಮಾಡುವುದೂ ಇದೇ ತಿರುಗುವ ನೆಲದ ಮೇಲೆ, ಗೊತ್ತಿರುವ ತೂಕದ ಕಲ್ಲು ಇಟ್ಟು.)

ಜೊತೆಯ ಮೇಷ್ಟರೊಬ್ಬರು ‘ನಿವ್ವಳ ತೂಕ’ ಅನ್ನಿ ಅಂದರು. ಆ ಪದ ಆಗಲೇ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟಿದೆ. ‘ಉಳಿಕೆ ತೂಕ’ ಅನ್ನೋಣ ಅಂದರೆ ಜಾತ್ರೆಯ ಜೈಂಟ್ ವೀಲ್ ಅಡ್ಡ ಬರುತ್ತದೆ. ಮೇಲೆ ಹೋದಾಗ ಹೊಟ್ಟೆಯೊಳಗೆ ಹಗುರ, ಸರಿ. ಕೆಳಗೆ ಬಂದಾಗ ಯಾರೋ ಸೀಟಿಗೆ ಅದುಮಿದ ಹಾಗಾಗುತ್ತದೆ ಅಲ್ವಾ? ಅಲ್ಲಿ ತೂಕ ಜಾಸ್ತಿಯೇ ಆಗುತ್ತದೆ, ಅದನ್ನು ‘ಉಳಿಕೆ’ ಅನ್ನುವುದು ಹೇಗೆ?

ನನ್ನ ಮನಸ್ಸು ‘ತೂಗಿದ ತೂಕ’ದ ಕಡೆಗಿದೆ. ತೂಗಿ ನೋಡಿದಾಗ ಎಷ್ಟು ಬಂತೋ ಅಷ್ಟು. ತೊಟ್ಟಿಲನ್ನೂ ತೂಗುತ್ತೇವೆ, ಬೆಲ್ಲವನ್ನೂ ತೂಗುತ್ತೇವೆ. ನೇತಾಡುವುದು, ಭಾರ ನೋಡುವುದು ಎರಡೂ ಒಂದೇ ಮಾತಿನಲ್ಲಿವೆ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಲ್ಲೂ ‘ತೂಕಂ’ ಇದೆ, ಹಾಗಾಗಿ ಅವರಿಗೂ ಹತ್ತಿರದ ಮಾತು.

ಒಂದು ಅನುಮಾನ ಮಾತ್ರ ಉಳಿದಿದೆ. ತೂಗುವುದು ಅಂದಕೂಡಲೇ ಎರಡು ತಟ್ಟೆಯ ತಕ್ಕಡಿ ಕಣ್ಣಮುಂದೆ ಬರುತ್ತದೆ. ಅದರಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಸಾಮಾನು ಎಷ್ಟು ಹಗುರವಾಯಿತೋ ಕಲ್ಲೂ ಅದೇ ಲೆಕ್ಕದಲ್ಲಿ ಹಗುರವಾಗುತ್ತದೆ, ಮುಳ್ಳು ಅಲ್ಲಾಡುವುದಿಲ್ಲ. ಹಾಗಿದ್ದರೆ ‘ಮುಳ್ಳು ತೋರುವ ತೂಕ’ ಅಂತ ಬಿಡಿಸಿ ಹೇಳಿ, ಆಮೇಲೆ ‘ತೋರುವ ತೂಕ’ ಅಂತ ಚಿಕ್ಕದು ಮಾಡಬಹುದೇ? ‘ತೋರಿಕೆ’ಗೆ ಅಂಟಿದ ಕೊಳೆ ‘ತೋರುವ’ಕ್ಕೆ ಅಂಟಿಲ್ಲ ಅಂತ ನನಗನ್ನಿಸುತ್ತದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಮಂಡಿಯಲ್ಲಿ, ಅಂಗಡಿಯಲ್ಲಿ ತೂಕ ಹಾಕುವವರ ಬಾಯಲ್ಲಿ ಇದಕ್ಕೆ ಹೊಂದುವ ಮಾತು ಕೇಳಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಸೋಮವಾರ ಅದೇ ತರಗತಿಗೆ ಮತ್ತೆ ಹೋಗಬೇಕು.